ಕ್ಲೆರಿಕ್ ಇಲ್ಲದ ತಂಡ ಸಾಯುವುದು ಖಚಿತವೇ?

‘ಫೈಟರ್, ವಿಝರ್ಡ್, ರೋಗ್, ಕ್ಲೆರಿಕ್ ಇರಲೇಬೇಕು. ಕ್ಲೆರಿಕ್ ಇಲ್ಲದಿದ್ದರೆ ತಂಡ ಸತ್ತಂತೆ!’ ದಾಳ ಉರುಳಿಸಿ ಆಡುವ ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ಗೆ ಹೊಸಬರಾದರೆ ಈ ಉಪದೇಶ ನಿಮಗೂ ಸಿಕ್ಕಿರಬಹುದು. ಹೀಗಾಗಿ, ಗಾಯ ವಾಸಿ ಮಾಡುವ ಕ್ಲೆರಿಕ್ ಪಾತ್ರ ಕೊನೆಗೆ ಬಂದವರ ತಲೆಗೆ. ಬೇಸತ್ತು ಆಟವನ್ನೇ ಬಿಡುವವರೂ ಉಂಟು. ಮಾತು ನಿಜವೇ, ನೋಡೋಣ.

1974ರ ಮೊದಲ ಆವೃತ್ತಿಯಲ್ಲಿ ಇದ್ದದ್ದೇ ಮೂರು ವರ್ಗ: ಯೋಧ, ಮಾಂತ್ರಿಕ, ಕ್ಲೆರಿಕ್. ಕಳ್ಳ ಸೇರಿದ್ದು 1975ರಲ್ಲಿ. ಗಾಯ ಮಾಯಿಸುವ ಮಂತ್ರ ಆಗ ಕ್ಲೆರಿಕ್ ಬಳಿ ಮಾತ್ರ ಇತ್ತು; ನಂಬಿಕೆಯ ಬೇರು ಅಲ್ಲಿದೆ. (ತಮಾಷೆಯೆಂದರೆ, ಮೊದಲ ಹಂತದ ಕ್ಲೆರಿಕ್‌ಗೆ ಒಂದು ಮಂತ್ರವೂ ಬರುತ್ತಿರಲಿಲ್ಲ!)

2014ರ ಐದನೇ ಆವೃತ್ತಿಯಲ್ಲಿ ಹಾಗಿಲ್ಲ. ಕಥೆಯೊಳಗೆ ಒಂದು ಗಂಟೆ ಸುಧಾರಿಸಿಕೊಂಡರೆ ಯಾವ ವರ್ಗದವರೂ ದಾಳ ಉರುಳಿಸಿ ಕಳೆದುಕೊಂಡ ಹಿಟ್ ಪಾಯಿಂಟ್ ಮರಳಿ ಪಡೆಯಬಹುದು. ಎಂಟು ಗಂಟೆ ವಿಶ್ರಮಿಸಿದರೆ ಪೂರ್ತಿ ವಾಪಸ್. ಬಾರ್ಡ್, ಡ್ರೂಯಿಡ್, ಪ್ಯಾಲಡಿನ್, ರೇಂಜರ್ ಕೂಡ ಗಾಯ ವಾಸಿ ಮಾಡಬಲ್ಲರು. ಬಿದ್ದವರ ಸಾವು ತಡೆಯಲು ಹೀಲರ್ಸ್ ಕಿಟ್ ಇದೆ, ಅದಕ್ಕೆ ಮಂತ್ರವೇ ಬೇಡ. ಬೀಗ ತೆಗೆಯುವ ಕೈಚಳಕವೂ ರೋಗ್‌ನ ಸ್ವತ್ತಲ್ಲ. ಕ್ರಿಮಿನಲ್ ಹಿನ್ನೆಲೆ ಆಯ್ದುಕೊಂಡ ಫೈಟರ್‌ಗೂ ಸಿಗುತ್ತದೆ.

ಹಾಗಂತ ನಾಲ್ವರೂ ವಿಝರ್ಡ್ ಆದರೆ ಕಷ್ಟವೇ. ಮುಂದೆ ನಿಂತು ಪೆಟ್ಟು ತಿನ್ನುವವರು ಯಾರು, ಬಿದ್ದವರನ್ನು ಎಬ್ಬಿಸುವವರು ಯಾರು ಎಂದು ಮೊದಲೇ ಮಾತಾಡಿಕೊಳ್ಳಿ. ಉತ್ತರ ಸಿಕ್ಕಿದರೆ, ಕ್ಲೆರಿಕ್ ಬೇಡವೆಂದ ಗೆಳೆಯನನ್ನು ಅವನ ಪಾಡಿಗೆ ಬಿಡಿ.