ಕಾಸರಗೋಡಿನ ಮನೆನೀರು: ಛಾವಣಿ, ಸುರಂಗ, ಮಾಪಕ

ಕಾಸರಗೋಡಿನಲ್ಲಿ ವರ್ಷಕ್ಕೆ ಸರಿಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. 100 ಚದರ ಮೀಟರ್ ಛಾವಣಿಯ ಪಾಲಿಗೆ ಬರುವುದು 3.5 ಲಕ್ಷ ಲೀಟರ್. ತಲೆಗೆ ದಿನಕ್ಕೆ 135 ಲೀಟರಿನಂತೆ ಐವರ ಕುಟುಂಬಕ್ಕೆ ವರ್ಷಕ್ಕೆ 2.5 ಲಕ್ಷ ಲೀಟರ್ ಸಾಕು. ಆದರೂ ಬೇಸಗೆಯಲ್ಲಿ ನೀರಿನ ಬರ ತಪ್ಪದು. ಮಳೆಯ ಬಹುಭಾಗ ಜೂನ್–ಸೆಪ್ಟೆಂಬರ್ ನಡುವೆ ಸುರಿದು ಇಳಿಜಾರಿನಲ್ಲಿ ಹರಿದುಹೋಗುತ್ತದೆ. 150 ಒಣದಿನಗಳನ್ನು ಛಾವಣಿಯ ನೀರೊಂದರಿಂದಲೇ ದಾಟಲು ಇದೇ ಕುಟುಂಬಕ್ಕೆ ಒಂದು ಲಕ್ಷ ಲೀಟರಿನ ತೊಟ್ಟಿ ಬೇಕು; ಸಾಮಾನ್ಯ ಮನೆಗೆ ಅದು ಎಟುಕದು.

ಬಾಯಾರು, ಎಣ್ಮಕಜೆ ಭಾಗದ ಕೃಷಿಕರು ಗುಡ್ಡವನ್ನೇ ತೊಟ್ಟಿಯಾಗಿಸಿಕೊಂಡರು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬನು ನಿಂತು ಅಗೆಯುವಷ್ಟೇ ಜಾಗದಲ್ಲಿ ಕೊರೆದದ್ದು ಸುರಂಗ. ಒಸರಿದ ನೀರು ತಾನಾಗಿ ಹೊರಹರಿದು, ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಈಗ ಪ್ಲಾಸ್ಟಿಕ್ ಕೊಳವೆಯಲ್ಲಿ ಮನೆ ಸೇರುತ್ತದೆ. ಪಂಪು ಬೇಡ, ಬಿಲ್ಲಿಲ್ಲ. ಹಾಗೆಂದು ಇದನ್ನು ಉಚಿತವೆನ್ನುವುದು ಸರಿಯಲ್ಲ: ಅಗೆತದ ಕೂಲಿಯಲ್ಲಿಯೇ ಬೆಲೆ ಮುಂಗಡವಾಗಿ ಸಂದಿರುತ್ತದೆ, ನೀರು ಸಿಗದಿದ್ದರೆ ಆ ಹಣ ಮರಳದು.

ನಳದ ಮಾಪಕ ಕೊಳವೆಯಲ್ಲಿ ಹಾದುಹೋದ ನೀರನ್ನು ಮಾತ್ರ ಎಣಿಸುತ್ತದೆ. ಗುಡ್ಡದ ನೆತ್ತಿಯನ್ನು ಸಮತಟ್ಟುಗೊಳಿಸಿದಾಗ, ನೆರೆಯಲ್ಲಿ ಕೊಳವೆಬಾವಿ ಕೊರೆದಾಗ ಸುರಂಗದ ಒಸರು ಕುಗ್ಗಬಹುದು. ಆ ನಷ್ಟ ಯಾವ ಬಿಲ್ಲಿನಲ್ಲಿಯೂ ದಾಖಲಾಗದು. ಮನೆಯಂಗಳದ ಇಂಗುಗುಂಡಿ ಇದಕ್ಕೆ ಪರಿಹಾರವೆಂದು ಭಾವಿಸುವುದುಂಟು. ಆದರೆ ನೀರು ತಾನಾಗಿ ಇಳಿದುಬರಬೇಕಾದ ಕಾರಣ ಮನೆಯಿರುವುದು ಸುರಂಗಕ್ಕಿಂತ ತಗ್ಗಿನಲ್ಲಿ. ಅಂಗಳದಲ್ಲಿ ಇಂಗಿದ ನೀರು ಕೆಳಮನೆಯವರ ಬಾವಿಗೆ ಒದಗೀತು, ತನ್ನ ಸುರಂಗಕ್ಕಲ್ಲ. ಸುರಂಗಕ್ಕೆ ಬೇಕಾದುದು ನೆತ್ತಿಯ ಮೇಲೆ ಮಳೆನೀರನ್ನು ತಡೆದು ಇಂಗಿಸುವ ಮದಕ; ಆ ನೆಲವಾದರೋ ಹಲವೊಮ್ಮೆ ಬೇರೆಯವರದು.