ಕತೆ ನಮ್ಮ ಮನೆಯಲ್ಲೇ ಇದೆ, ಬರೆಯುವವರು ಯಾರು?

ಸಿನಿಮಾ ಎಂದಾಕ್ಷಣ ನಮ್ಮ ಅನೇಕ ಮನೆಗಳಲ್ಲಿ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಹಾಡು, ಕುಣಿತ, ಹೊಡೆದಾಟಗಳನ್ನಷ್ಟೇ ತೆರೆಯ ಮೇಲೆ ಕಂಡವರ ಆತಂಕ ಸುಳ್ಳೂ ಅಲ್ಲ. ಆದರೆ ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗನೋ ಹೊಸಕೋಟೆಯ ಕಾಲೇಜು ಹುಡುಗಿಯೋ ಮೊಬೈಲಿನಲ್ಲೇ ಹತ್ತು ನಿಮಿಷದ ಚಿತ್ರವೊಂದನ್ನು ತೆಗೆಯುತ್ತೇನೆಂದು ಹೊರಟರೆ ನಾವೇನು ಹೇಳಬೇಕು? ಬೇಡ ಎನ್ನುವ ಮೊದಲು, ಅವರು ಯಾವ ಕತೆ ಹೇಳಲು ಹೊರಟಿದ್ದಾರೆಂದು ಒಮ್ಮೆ ಕೇಳಬಾರದೇ?

ಅಜ್ಜಿಯ ಕೋಳಿ ಕಾನ್‌ಗೆ ಹೋಯಿತು

ಮೈಸೂರಿನ ಚಿದಾನಂದ ಎಸ್. ನಾಯ್ಕ್ ವೈದ್ಯಕೀಯ ಓದಿದವರು. ನಂತರ ಪುಣೆಯ ಚಲನಚಿತ್ರ ಸಂಸ್ಥೆ ಸೇರಿದರು. ಊರಿನ ಹುಂಜವನ್ನು ಅಜ್ಜಿಯೊಬ್ಬಳು ಕದ್ದುದರಿಂದ ಸೂರ್ಯ ಹುಟ್ಟುವುದೇ ನಿಂತುಹೋಯಿತು ಎಂಬ ಜನಪದ ಕತೆಯನ್ನು ನಾಲ್ಕು ದಿನಗಳಲ್ಲಿ ಹದಿನಾರು ನಿಮಿಷದ ಕನ್ನಡ ಚಿತ್ರವಾಗಿಸಿದರು. 2024ರಲ್ಲಿ ಫ್ರಾನ್ಸಿನ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗಕ್ಕೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದಿದ್ದವು. ಆಯ್ಕೆಯಾದದ್ದು 18. ಅವುಗಳಲ್ಲಿ ಮೊದಲ ಬಹುಮಾನ ಪಡೆದದ್ದು ಈ ಅಜ್ಜಿಯ ಕತೆ!

ರಾಮ್ ರೆಡ್ಡಿ ನಿರ್ದೇಶನದ 'ತಿಥಿ'ಯದೂ ಇದೇ ದಾರಿ. ಕತೆ ಕಟ್ಟಿದ ಈರೇಗೌಡರು ತಮ್ಮದೇ ಮಂಡ್ಯ ಸೀಮೆಯ ಊರನ್ನು ಆರಿಸಿಕೊಂಡರು, ಊರವರೇ ನಟಿಸಿದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿಗಳು ಬಂದವು. ಕೋಟಿಗಟ್ಟಲೆ ಹಣವಾಗಲಿ, ಹೆಸರಾಂತ ತಾರೆಯರಾಗಲಿ ಇಲ್ಲದವರಿಗೂ ಉತ್ಸವದ ಬಾಗಿಲು ತೆರೆಯುತ್ತದೆ ಎಂಬುದಕ್ಕೆ ಇವೆರಡೂ ಸಾಕ್ಷಿ.

ನಮ್ಮ ಪಾತ್ರಗಳು ಎಲ್ಲಿ?

ತೆರೆಯ ಮೇಲೆ ಮುಸ್ಲಿಮ್ ಪಾತ್ರವೆಂದರೆ ಒಂದೋ ಖಳನಾಯಕ, ಇಲ್ಲವೇ ನಾಯಕನಿಗಾಗಿ ಪ್ರಾಣ ಕೊಡುವ ಗೆಳೆಯ ಎಂಬಂತಾಗಿದೆ. ನಮ್ಮ ಮನೆಯ ನಗು, ಸಾಲ, ಮದುವೆಯ ಚಿಂತೆ, ಮಗಳ ಓದು ಅಲ್ಲಿ ಕಾಣಸಿಗುವುದು ಅಪರೂಪ.

ಅಪವಾದಗಳಿಲ್ಲವೆಂದಲ್ಲ. ಹಾಸನದ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಚಿತ್ರವಾಗಿಸಿದರು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯ ಕೇಳುವ ಆ ಚಿತ್ರ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದಿತು. ಆ ಕತೆಗಾರ್ತಿಗೇ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ತೇಜಸ್ವಿಯವರ ಕತೆಯನ್ನಾಧರಿಸಿದ 'ಡೇರ್‌ಡೆವಿಲ್ ಮುಸ್ತಾಫಾ'ಕ್ಕೆ ಅವರ ಓದುಗರೇ ಹಣ ಕೂಡಿಸಿದರು. 2023ರಲ್ಲಿ ತೆರೆಕಂಡ ಆ ಚಿತ್ರ ಕಾಲೇಜು ಹುಡುಗರ ನಡುವಿನ ಅಪನಂಬಿಕೆ ಕರಗುವುದನ್ನು ನಗುನಗುತ್ತಲೇ ತೋರಿಸಿತು.

ನಮ್ಮನ್ನು ಸರಿಯಾಗಿ ತೋರಿಸುತ್ತಿಲ್ಲ ಎಂದು ದೂರುವುದು ಸುಲಭ. ಆದರೆ ನಮ್ಮ ಮಕ್ಕಳು ಪೆನ್ನು ಹಿಡಿಯದಿದ್ದರೆ ಈ ಕತೆಗಳನ್ನು ಬರೆಯುವವರು ಯಾರು?

ಚಿತ್ರಕತೆ ಬರೆಯುವುದು ಹೇಗೆ?

ಚಿತ್ರಕತೆಗೆ ಬೇಕಾದ ಬಂಡವಾಳ ಕಾಗದ, ಪೆನ್ನು ಮತ್ತು ತಾಳ್ಮೆ. ಒಂದು ಪುಟ ಎಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಪ್ರತಿ ದೃಶ್ಯದ ತಲೆಯಲ್ಲಿ ಅದು ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ ಎಂದು ಬರೆಯಬೇಕು. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಮಾತ್ರ ಪುಟದಲ್ಲಿರಬೇಕು. 'ಅವಳಿಗೆ ಬೇಸರವಾಯಿತು' ಎಂದರೆ ಕ್ಯಾಮರಾಕ್ಕೆ ಅರ್ಥವಾಗದು. ಅವಳು ಬಡಿಸಿದ ತಟ್ಟೆಯನ್ನು ಮುಟ್ಟದೆ ಎದ್ದುಹೋದಳು ಎಂದರೆ ಅರ್ಥವಾಗುತ್ತದೆ. ಇಡೀ ಕತೆಯನ್ನು ಒಂದೆರಡು ವಾಕ್ಯಗಳಲ್ಲಿ ಹೇಳಲಾಗದಿದ್ದರೆ ಕತೆ ಇನ್ನೂ ಹಣ್ಣಾಗಿಲ್ಲವೆಂದೇ ಲೆಕ್ಕ.

ಸ್ಪರ್ಧೆಗೆ ಕಳುಹಿಸುವ ಮುನ್ನ ಎಚ್ಚರವೂ ಇರಲಿ. ಪ್ರವೇಶ ಶುಲ್ಕ ಪಡೆದು ಬಂದವರಿಗೆಲ್ಲ ಪ್ರಶಸ್ತಿಪತ್ರ ಹಂಚುವ ನಾಮಮಾತ್ರದ ಉತ್ಸವಗಳೂ ಇವೆ. ತೀರ್ಪುಗಾರರು ಯಾರು, ಚಿತ್ರಗಳನ್ನು ನಿಜವಾಗಿ ಪ್ರದರ್ಶಿಸುತ್ತಾರೆಯೇ, ಗೆದ್ದ ಕತೆಯ ಹಕ್ಕು ಯಾರಿಗೆ ಸೇರುತ್ತದೆ ಎಂದು ನಿಯಮಗಳನ್ನು ಓದಿಯೇ ಹಣ ಕಟ್ಟಬೇಕು. ಬರೆದ ಪ್ರತಿಯನ್ನು ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿಕೊಂಡರೆ ಮುಂದೆ ತಗಾದೆ ಬಂದಾಗ ಅದು ಪುರಾವೆಯಾಗುತ್ತದೆ.

ಹತ್ತಿರದಲ್ಲೇ ಇರುವ ಅವಕಾಶ

ಬೆಂಗಳೂರು ಗ್ರಾಮಾಂತರದ ಮಕ್ಕಳಿಗೆ ಇದಕ್ಕಾಗಿ ಮುಂಬಯಿಗೆ ಹೋಗಬೇಕಾಗಿಲ್ಲ. ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವ 2006ರಲ್ಲಿ ಆರಂಭವಾಯಿತು. ಕಿರುಚಿತ್ರಗಳಿಗೆಂದೇ ಮೀಸಲಾದ ಇನ್ನೊಂದು ಅಂತಾರಾಷ್ಟ್ರೀಯ ಉತ್ಸವ 2010ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ನೆಲಮಂಗಲ, ದೊಡ್ಡಬಳ್ಳಾಪುರಗಳಿಗೆ ಸಮೀಪದ ಹೆಸರಘಟ್ಟದಲ್ಲಿ ಸರಕಾರಿ ಚಲನಚಿತ್ರ ಸಂಸ್ಥೆ ಇದೆ. ಅದರ ಬೇರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿದೆ. ಗುರುದತ್ ಚಿತ್ರಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿ 1940ರ ದಶಕದಲ್ಲಿ ಕಲಿತದ್ದು ಅಲ್ಲಿಯೇ.

ಇಷ್ಟಾದರೂ ನೋಡುವ ಅಭ್ಯಾಸವಿಲ್ಲದೆ ಬರೆಯುವುದು ಕಷ್ಟ. ಸಾಗರದ ಹತ್ತಿರದ ಹೆಗ್ಗೋಡು ಎಂಬ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ದೇವನಹಳ್ಳಿ, ಹೊಸಕೋಟೆಯ ಶಾಲೆ ಕಾಲೇಜುಗಳಲ್ಲಿ ತಿಂಗಳಿಗೊಂದು ಒಳ್ಳೆಯ ಚಿತ್ರ ತೋರಿಸಿ ಚರ್ಚಿಸಲು ಒಂದು ಗೋಡೆ, ಒಂದು ಪ್ರೊಜೆಕ್ಟರ್ ಸಾಕು. ತಾಯಂದಿರೂ ಬಂದು ಕೂರಲಿ.

ಮಕ್ಕಳ ಕೈಯಲ್ಲಿ ಮೊಬೈಲು ಈಗಾಗಲೇ ಇದೆ. ಅದನ್ನು ಬರಿದೇ ನೋಡುತ್ತಾ ಕೂರುವ ಮಗನಿಗಿಂತ, ಅಜ್ಜಿಯ ಬಾಯಿಂದ ಒಂದು ಕತೆ ಕೇಳಿ ಅದನ್ನು ಹತ್ತು ಪುಟದಲ್ಲಿ ಬರೆಯಲು ಒದ್ದಾಡುವ ಮಗ ಮೇಲಲ್ಲವೇ? ಮೊದಲ ಪ್ರತಿಯನ್ನು ನೀವೇ ಓದಿ. ತಪ್ಪಿದ್ದರೆ ತಿದ್ದಿ, ಚೆನ್ನಾಗಿದ್ದರೆ ಬೆನ್ನು ತಟ್ಟಿ.