ತಡಿಪಾರ್ ನೋಟೀಸು: ಹಳೆಯ ಶಿಕ್ಷೆಯೊಂದು ಊರು ಬಿಡಿಸುವ ಮುನ್ನ

ಹೊಟ್ಟೆಪಾಡಿಗಾಗಿ ಬಂದು ಮುಂಬಯಿಯನ್ನೇ ಕರ್ಮಭೂಮಿಯಾಗಿಸಿಕೊಂಡ ನಾವು 'ತಡಿಪಾರ್' ಎಂಬ ಮಾತನ್ನು ಪತ್ರಿಕೆಯಲ್ಲಿ ಓದಿ ಪುಟ ತಿರುವುತ್ತೇವೆ. ಅದು ಗೂಂಡಾಗಳ ಸಂಗತಿ, ನಮಗೇಕೆ ಎಂಬ ಭಾವನೆ ನಮ್ಮದು. ಆದರೆ ಕಾನೂನಿನಲ್ಲಿ 'ಗೂಂಡಾ' ಎಂಬ ಹಣೆಪಟ್ಟಿ ಬೇಕಿಲ್ಲ. ಹಳೆಯ ಶಿಕ್ಷೆಯೊಂದಿದ್ದರೆ ಅಷ್ಟರಿಂದಲೇ ಕಡತ ತೆರೆಯಬಹುದು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಊರಿನಿಂದ ಬಂದು ಹೋಟೇಲಿನಲ್ಲಿ ದುಡಿಯುತ್ತಿದ್ದ ತರುಣನೊಬ್ಬ ಹೊಡೆದಾಟದಲ್ಲಿ ಸಿಕ್ಕಿಬಿದ್ದ. "ತಪ್ಪೊಪ್ಪಿಕೋ ಮಾರಾಯ, ದಂಡ ಕಟ್ಟಿದರೆ ಇವತ್ತೇ ಮುಗಿಯುತ್ತದೆ" ಎಂದರು ಹಿತೈಷಿಗಳು. ಅವನು ಹಾಗೆಯೇ ಮಾಡಿದ. ದಂಡ ಮಾತ್ರವೇ ಆದರೂ ಅದು ಅಪರಾಧ ಸಾಬೀತಾದ ತೀರ್ಪು ಎಂಬುದನ್ನು ಯಾರೂ ಅವನಿಗೆ ತಿಳಿಸಲಿಲ್ಲ. ವರ್ಷಗಳು ಉರುಳಿ ಮದುವೆ, ಮಕ್ಕಳು, ಉಪನಗರದಲ್ಲೊಂದು ಖೋಲಿ ಎಲ್ಲವೂ ಆದ ಮೇಲೆ ನೆರೆಯವರೊಡನೆ ಜಗಳವಾಯಿತು. ಠಾಣೆಯಲ್ಲಿ ಹಳೆಯ ಕಡತ ಹೊರಬಂತು. ಹಿಂದೆಯೇ ಬಂದದ್ದು ತಡಿಪಾರ್ ನೋಟೀಸು.

ಇದರ ಮೂಲ 1951ರ ಮುಂಬಯಿ ಪೊಲೀಸ್ ಕಾಯಿದೆ. ಇಂದು ಅದಕ್ಕೆ ಮಹಾರಾಷ್ಟ್ರ ಪೊಲೀಸ್ ಕಾಯಿದೆ ಎಂದು ಹೆಸರು. ಅದರ 56ನೆಯ ಕಲಮು ಯಾರ ಚಟುವಟಿಕೆಯಿಂದ ಜನರಿಗೆ ಭಯ, ಅಪಾಯ ಉಂಟಾಗುತ್ತದೆಯೋ ಅಂಥವರಿಗೆ ಸಂಬಂಧಿಸಿದ್ದು. ಅದಕ್ಕೆ ಹಿಂದಿನ ಶಿಕ್ಷೆ ಇರಲೇಬೇಕೆಂದಿಲ್ಲ. 57ನೆಯ ಕಲಮಿಗೆ ಶಿಕ್ಷೆಯೇ ಅಡಿಪಾಯ. ದೇಹಕ್ಕೆ ಅಥವಾ ಆಸ್ತಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದವರು, ಮದ್ಯನಿಷೇಧ ಹಾಗೂ ಜೂಜಿನ ಕಾಯಿದೆಗಳಡಿ ಪದೇ ಪದೇ ಶಿಕ್ಷೆ ಪಡೆದವರು ಇದರ ವ್ಯಾಪ್ತಿಗೆ ಬರುತ್ತಾರೆ. ಆದರೆ ಹಳೆಯ ಶಿಕ್ಷೆಯೊಂದೇ ಸಾಲದು. ಆತ ಅಂಥದೇ ಅಪರಾಧವನ್ನು ಮತ್ತೆ ಎಸಗುವ ಸಂಭವವಿದೆ ಎಂದು ನಂಬಲು ಅಧಿಕಾರಿಗೆ ಕಾರಣವಿರಬೇಕು. ಆದೇಶವಾದರೆ ನಗರವನ್ನಷ್ಟೇ ಅಲ್ಲದೆ ಹೊಂದಿಕೊಂಡ ಜಿಲ್ಲೆಗಳನ್ನೂ ಗರಿಷ್ಠ ಎರಡು ವರ್ಷ ಬಿಟ್ಟಿರಬೇಕಾಗುತ್ತದೆ. ಅನುಮತಿಯಿಲ್ಲದೆ ಮರಳಿದರೆ ಬಂಧನ, ಎರಡು ವರ್ಷದವರೆಗೆ ಸೆರೆವಾಸ.

ಒಮ್ಮೆ ಶಿಕ್ಷೆ ಅನುಭವಿಸಿದವನಿಗೆ ಇದು ಎರಡನೆಯ ಶಿಕ್ಷೆಯಲ್ಲವೇ? ಈ ಪ್ರಶ್ನೆ ಹೊಸದಲ್ಲ. ಬೃಹನ್ಮುಂಬಯಿಯಿಂದ ಹೊರಹಾಕಲ್ಪಟ್ಟ ಒಬ್ಬರ ಅರ್ಜಿಯ ಮೇಲೆ 1956ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು 57ನೆಯ ಕಲಮನ್ನು ಎತ್ತಿಹಿಡಿಯಿತು. ಹರಿ ಖೇಮು ಗವಳಿ ಪ್ರಕರಣವೆಂದು ಅದು ಪ್ರಸಿದ್ಧ. ಅಪರಾಧವನ್ನು ಮುಂದಾಗಿ ತಡೆಯುವುದು ಇದರ ಉದ್ದೇಶ ಎಂಬುದು ಬಹುಮತದ ನಿಲುವು. ನ್ಯಾಯಮೂರ್ತಿ ಜಗನ್ನಾಥದಾಸರು ಮಾತ್ರ ಭಿನ್ನಮತ ವ್ಯಕ್ತಪಡಿಸಿದರು. ಅಂದಿನಿಂದ ವಕೀಲರ ಹೋರಾಟ ಕಾಯಿದೆಯ ವಿರುದ್ಧ ನಡೆಯುವುದಕ್ಕಿಂತ ಒಂದೊಂದು ಆದೇಶದ ವಿರುದ್ಧ ನಡೆಯುತ್ತದೆ.

ಈ ಹೋರಾಟಕ್ಕೆ 2022ರ ಜನವರಿಯಲ್ಲಿ ಬಲ ಬಂದಿತು. ಜಾಲನಾ ಜಿಲ್ಲೆಯ ಪ್ರಕರಣವೊಂದರಲ್ಲಿ, 56ನೆಯ ಕಲಮಿನಡಿ ಹೊರಡಿಸಿದ್ದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿತು. ಗಡೀಪಾರು ಅಸಾಧಾರಣ ಕ್ರಮ. ಅದು ಮನುಷ್ಯನನ್ನು ಸ್ವಂತ ಮನೆಯಿಂದ, ಕುಟುಂಬದಿಂದ ದೂರವಿಡುತ್ತದೆ, ಜೀವನೋಪಾಯವನ್ನೂ ಕಸಿಯಬಹುದು ಎಂದು ನ್ಯಾಯಾಲಯ ಎಚ್ಚರಿಸಿತು. ಹಳಸಿದ ಪ್ರಕರಣಗಳನ್ನು ಆಧಾರವಾಗಿಟ್ಟುಕೊಳ್ಳುವುದನ್ನೂ, ಕಾರಣ ಹೇಳದೆ ಪೂರ್ತಿ ಎರಡು ವರ್ಷ ವಿಧಿಸುವುದನ್ನೂ ಅದು ಒಪ್ಪಲಿಲ್ಲ.

ಹಾಗಾದರೆ ನೋಟೀಸು ಬಂದವರು ಏನು ಮಾಡಬೇಕು? ಮೊದಲು ತಿಳಿಯಬೇಕಾದುದು, ನೋಟೀಸು ಆದೇಶವಲ್ಲ. ಹೆದರಿ ರಾತ್ರೋರಾತ್ರಿ ಊರಿಗೆ ರೈಲು ಹತ್ತಿದವನು ತನ್ನ ಪರವಾಗಿ ಮಾತನಾಡುವ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ. 59ನೆಯ ಕಲಮಿನಂತೆ ಆರೋಪಗಳ ಸ್ಥೂಲ ಸ್ವರೂಪವನ್ನು ಲಿಖಿತವಾಗಿ ತಿಳಿಸಿ, ವಿವರಣೆ ನೀಡಲು ಅವಕಾಶ ಕೊಡಲೇಬೇಕು. ವಕೀಲರ ಮೂಲಕ ಹಾಜರಾಗುವ, ಸಾಕ್ಷಿಗಳನ್ನು ಹಾಜರುಪಡಿಸಲು ಕೋರುವ ಹಕ್ಕೂ ಇದೆ. ಹಳೆಯ ತೀರ್ಪುಗಳ ಪ್ರತಿ, ಖುಲಾಸೆಯಾದ ಮೊಕದ್ದಮೆಗಳ ದಾಖಲೆ, ಮಾಲೀಕರ ಪತ್ರ, ಮಕ್ಕಳ ಶಾಲೆಯ ಕಾಗದಪತ್ರ ಇವೆಲ್ಲ ಈ ಹಂತದಲ್ಲೇ ಕಡತಕ್ಕೆ ಸೇರಬೇಕು. ಆದೇಶವಾದರೆ 30 ದಿನಗಳೊಳಗೆ ರಾಜ್ಯ ಸರಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮುಂದೆ ಉಚ್ಚ ನ್ಯಾಯಾಲಯದ ಬಾಗಿಲಿದೆ. ಮನೆಯಲ್ಲಿ ಸಾವು, ಮದುವೆ ಬಂದರೆ ತಾತ್ಕಾಲಿಕವಾಗಿ ಮರಳಲು ಅನುಮತಿ ಕೇಳುವುದಕ್ಕೂ ಕಾಯಿದೆಯಲ್ಲಿ ಅವಕಾಶವಿದೆ.

ವಕೀಲರ ಶುಲ್ಕ ಕೈಗೆಟುಕದಿದ್ದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ನೆರವಿಗಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ವಕೀಲರನ್ನು ಪಡೆಯಬಹುದು. ರಾಷ್ಟ್ರೀಯ ಸಹಾಯವಾಣಿ 15100. ಇನ್ನು ಮೊದಲ ಮೊಕದ್ದಮೆಯ ದಿನವೇ ತಪ್ಪೊಪ್ಪಿಕೊಳ್ಳುವ ಮುನ್ನ ವಕೀಲರನ್ನು ಕೇಳುವುದು ಲೇಸು. ತಪ್ಪು ಸಾಬೀತಾದರೂ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯಡಿ ಸದ್ವರ್ತನೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಕೋರಬಹುದು. ಹಾಗೆ ಬಿಡುಗಡೆಯಾದವರಿಗೆ ಆ ತೀರ್ಪಿನಿಂದ ಅನರ್ಹತೆ ತಟ್ಟಬಾರದು ಎನ್ನುತ್ತದೆ ಅದರ 12ನೆಯ ಕಲಮು.

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಪಡೆದು ನೆಲೆಸಿದ ನಮ್ಮ ಬಂಧುಗಳೂ ಇದನ್ನು ತಿಳಿದಿರಬೇಕು. ಅಲ್ಲಿ 1996ರ ಕಾನೂನುಗಳ ಬಳಿಕ ಹಳೆಯ ಶಿಕ್ಷೆಗಾಗಿ ದೇಶದಿಂದಲೇ ಹೊರಹಾಕುವ ವ್ಯಾಪ್ತಿ ಹಿಗ್ಗಿತು. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದೆಯೇ ಎಂದು ವಕೀಲನು ಕಕ್ಷಿದಾರನಿಗೆ ಹೇಳಲೇಬೇಕೆಂದು 2010ರಲ್ಲಿ ಪಾಡಿಲ್ಲಾ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅಂಥ ಒಂದು ಮಾತನ್ನು ನಮ್ಮ ಹೋಟೇಲಿನ ಹುಡುಗನಿಗೆ ಹೇಳುವವರು ಯಾರು?

ಅದು ನಮ್ಮ ಸಂಘ ಸಂಸ್ಥೆಗಳಿಂದ ಆಗಬಹುದಾದ ಕೆಲಸ. ನಮ್ಮಲ್ಲಿ ವಕೀಲರಿದ್ದಾರೆ, ಮರಾಠಿ ಬಲ್ಲ ಹಿರಿಯರಿದ್ದಾರೆ. ಕೂಲಿಗಾಗಿ ಕಲಬುರಗಿ, ವಿಜಯಪುರದ ಕಡೆಯಿಂದ ಬಂದವನಿಗೆ ಮರಾಠಿ ನೋಟೀಸನ್ನು ಕನ್ನಡದಲ್ಲಿ ಓದಿ ಹೇಳುವುದು, ವಿಚಾರಣೆಯ ದಿನ ಜೊತೆಗೆ ಹೋಗುವುದು ದೊಡ್ಡ ಖರ್ಚಿನ ಸೇವೆಯಲ್ಲ. ತಪ್ಪು ಮಾಡಿದವನನ್ನು ಸಮರ್ಥಿಸಬೇಕೆಂದು ನಾವು ಹೇಳುತ್ತಿಲ್ಲ. ತಪ್ಪಿಗೆ ಶಿಕ್ಷೆ ಮುಗಿಸಿ ಬಾಳು ಕಟ್ಟಿಕೊಂಡವನು, ತನ್ನ ಮಾತು ಹೇಳುವ ಮೊದಲೇ ಹೆಂಡತಿ ಮಕ್ಕಳನ್ನು ಬಿಟ್ಟು ಊರು ತೊರೆಯುವಂತಾಗಬಾರದು. ಇಷ್ಟೇ ನಮ್ಮ ಕಳಕಳಿ.